ಬೊಟಾಕ್ಸೋ ಫಿಲ್ಲರೋ ಅನ್ನುವ ಮೊದಲು: ಸುಕ್ಕು ಬೀಳುವುದು ಯಾಕೆ, ಸೂಜಿ ಮಾಡುವುದೇನು?

ಹಣೆಗೆರೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನಗೀಗ 46. ಎರಡು ಹುಬ್ಬಿನ ನಡುವೆ ಉದ್ದುದ್ದ ಎರಡು ಗೆರೆ ಬಿದ್ದಿವೆ. ಮೊದಲೆಲ್ಲ ಹುಬ್ಬು ಗಂಟಿಕ್ಕಿದಾಗ ಮಾತ್ರ ಕಾಣುತ್ತಿದ್ದವು, ಈಗ ಸುಮ್ಮನೆ ಕೂತಿದ್ದರೂ ಹಾಗೇ ಇರುತ್ತವೆ. ಆಫೀಸಿನಲ್ಲಿ ಯಾರಾದರೊಬ್ಬರು "ಯಾಕೆ, ಬೇಜಾರಾ?" ಅಂತ ಕೇಳುತ್ತಲೇ ಇರುತ್ತಾರೆ. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಯೂ ಆಳವಾಗಿದೆ. ವಿಚಾರಿಸಿದರೆ ಒಬ್ಬರು ಬೊಟಾಕ್ಸ್ ಅಂದರು, ಇನ್ನೊಬ್ಬರು ಫಿಲ್ಲರ್ ಅಂದರು, ಮತ್ತೊಬ್ಬರು ಎರಡೂ ಒಟ್ಟಿಗೆ ಮಾಡಿಸಿಬಿಡಿ ಅಂದರು. ಎರಡಕ್ಕೂ ಏನು ವ್ಯತ್ಯಾಸ ಅಂದರೆ ಯಾರೂ ಬಿಡಿಸಿ ಹೇಳಲಿಲ್ಲ.

ಸೂಜಿ ಚುಚ್ಚಿಸಿಕೊಳ್ಳುವ ಮೊದಲು ನನಗೆ ಅರ್ಥವಾಗಬೇಕು. ಚರ್ಮ ಸುಕ್ಕುಗಟ್ಟುವುದು ಯಾಕೆ? ಇಂಜೆಕ್ಷನ್ ಒಳಗೆ ಹೋಗಿ ಏನು ಮಾಡುತ್ತದೆ? ಗೊತ್ತಿದ್ದವರು ವಿವರವಾಗಿ ಬರೆಯಿರಿ. ಉದ್ದವಾದರೂ ಓದುತ್ತೇನೆ.

ಜೀವಶಾಸ್ತ್ರದ ಮೇಷ್ಟ್ರು

ಮೇಡಂ, ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಎರಡನೆಯದನ್ನು ಇಲ್ಲಿನ ವೈದ್ಯರಿಗೆ ಬಿಡುತ್ತೇನೆ.

ನಮ್ಮ ಕಣ್ಣಿಗೆ ಕಾಣುವ ಹೊರಚರ್ಮ ಬಹಳ ತೆಳು. ಸುಕ್ಕಿನ ಮೂಲ ಇರುವುದು ಹೆಚ್ಚಾಗಿ ಅದರ ಕೆಳಗಿನ ಒಳಚರ್ಮದಲ್ಲಿ. ನೀರಿನಂಶ ಬಿಟ್ಟು ತೂಗಿದರೆ ಒಳಚರ್ಮದ ಸುಮಾರು ಮುಕ್ಕಾಲು ಪಾಲು ಕೊಲಾಜೆನ್ ಎಂಬ ಪ್ರೋಟೀನ್. ಚರ್ಮದ ಗಟ್ಟಿತನ ಅದರಿಂದ. ಎಳೆದು ಬಿಟ್ಟಾಗ ಚರ್ಮ ಮತ್ತೆ ತನ್ನ ಜಾಗಕ್ಕೆ ಬರುವುದು ಎಲಾಸ್ಟಿನ್ ನಾರುಗಳಿಂದ. ಇವುಗಳ ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುವ ಹೈಯಲುರಾನಿಕ್ ಆಮ್ಲ ತುಂಬಿಕೊಂಡಿರುತ್ತದೆ. ಈ ಮೂರನ್ನೂ ತಯಾರಿಸುವುದು ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶ.

ಇಪ್ಪತ್ತರ ಹರೆಯ ದಾಟಿದ ಮೇಲೆ ಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತಾ ಹೋಗುತ್ತದೆ ಎನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನ್ ಇಳಿಯುವುದರಿಂದ ಈ ನಷ್ಟ ಒಮ್ಮೆಲೇ ವೇಗ ಪಡೆಯುತ್ತದೆ. ಮೊದಲ ಐದು ವರ್ಷಗಳಲ್ಲೇ ಸುಮಾರು ಶೇ. 30 ಕೊಲಾಜೆನ್ ಹೋಗಬಹುದು. "ಎರಡು ಮೂರು ವರ್ಷದಲ್ಲಿ ಮುಖವೇ ಬದಲಾಯಿತು" ಎಂದು ಎಷ್ಟೋ ಹೆಂಗಸರು ಹೇಳುವುದು ಬರೀ ಭ್ರಮೆಯಲ್ಲ.

ನನಗೆ ತುಂಬ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಫೈಬ್ರೊಬ್ಲಾಸ್ಟ್ ಕೊಲಾಜೆನ್ ನಾರುಗಳನ್ನು ಹಿಡಿದುಕೊಂಡು, ಬಿಗಿಯಾಗಿ ಹರಡಿಕೊಂಡಿದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಸುತ್ತಲಿನ ನಾರು ತುಂಡಾದರೆ ಅದರ ಹಿಡಿತ ತಪ್ಪುತ್ತದೆ, ಕೋಶ ಮುದುಡುತ್ತದೆ. ಮುದುಡಿದ ಕೋಶ ಕೊಲಾಜೆನ್ ತಯಾರಿಕೆ ಕಡಿಮೆ ಮಾಡುವುದಷ್ಟೇ ಅಲ್ಲ, ಇರುವ ಕೊಲಾಜೆನ್ ಅನ್ನು ಕತ್ತರಿಸುವ ಕಿಣ್ವವನ್ನೂ ಹೆಚ್ಚು ಬಿಡುತ್ತದೆ. ಅದರಿಂದ ಇನ್ನಷ್ಟು ನಾರು ತುಂಡಾಗುತ್ತದೆ, ಇನ್ನಷ್ಟು ಕೋಶಗಳು ಮುದುಡುತ್ತವೆ. ವಯಸ್ಸಾದ ಚರ್ಮದ ಜೀವಕೋಶಗಳು ಸತ್ತಿವೆ ಅಂತಲ್ಲ, ಅವಕ್ಕೆ ಊರಿ ನಿಲ್ಲಲು ನೆಲೆ ಸಿಗುತ್ತಿಲ್ಲ. ಇದನ್ನು ನೆನಪಿಡಿ, ಫಿಲ್ಲರ್ ವಿಷಯ ಬಂದಾಗ ಬೇಕಾಗುತ್ತದೆ.

ಸ್ಟೇರಿಂಗ್ ಹಿಂದೆ

ಮೇಷ್ಟ್ರೇ, ನಾನು ಗಾಡಿ ಓಡಿಸುವವನು. ಕಿಟಕಿ ಕಡೆಯ ಕೆನ್ನೆ ಇನ್ನೊಂದು ಕೆನ್ನೆಗಿಂತ ಒರಟಾಗಿದೆ, ಗೆರೆಯೂ ಜಾಸ್ತಿ. ಗಾಜು ಏರಿಸಿಕೊಂಡೇ ಓಡಿಸುತ್ತೇನೆ. ವಯಸ್ಸು ಎರಡೂ ಕೆನ್ನೆಗೆ ಒಂದೇ ಅಲ್ಲವಾ? ಹಾಗಾದರೆ ಇದು ಬಿಸಿಲಿನದ್ದೇ ಇರಬೇಕಲ್ಲ?

ಜೀವಶಾಸ್ತ್ರದ ಮೇಷ್ಟ್ರು

ಬಿಸಿಲಿನದ್ದೇ ಇರುವ ಸಾಧ್ಯತೆ ಹೆಚ್ಚು. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಒಂದು ಚಿತ್ರ ಬಂದಿತ್ತು. 69 ವರ್ಷದ, 28 ವರ್ಷ ಟ್ರಕ್ ಓಡಿಸಿದ ಒಬ್ಬರ ಮುಖ. ಕಿಟಕಿಯ ಕಡೆಯ ಎಡ ಅರ್ಧ ದಪ್ಪಗಟ್ಟಿ, ಆಳ ಸುಕ್ಕುಗಳಿಂದ ಜೋತುಬಿದ್ದಿತ್ತು. ಬಲ ಅರ್ಧ ಎಷ್ಟೋ ವರ್ಷ ಚಿಕ್ಕವರ ಮುಖದಂತಿತ್ತು.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣಗಳಿವೆ. ಚರ್ಮ ಸುಟ್ಟು ಕೆಂಪಾಗಿಸುವ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಯುವಿ-ಎ ಕಿರಣವನ್ನು ಮಾಮೂಲಿ ಪಕ್ಕದ ಗಾಜು ಒಳಗೆ ಬಿಡುತ್ತದೆ, ಅದು ಒಳಚರ್ಮದವರೆಗೂ ಇಳಿಯುತ್ತದೆ. ಮುಂದಿನ ವಿಂಡ್‌ಶೀಲ್ಡ್ ಎರಡು ಗಾಜಿನ ನಡುವೆ ಪದರ ಇಟ್ಟು ಮಾಡಿದ್ದಾದ್ದರಿಂದ ಹೆಚ್ಚು ರಕ್ಷಣೆ ಕೊಡುತ್ತದೆ. ಯುವಿ ಬಿದ್ದ ಚರ್ಮದಲ್ಲಿ ನಾನು ಆಗಲೇ ಹೇಳಿದ ಕತ್ತರಿಸುವ ಕಿಣ್ವಗಳು ಏರುತ್ತವೆ. ಎಲಾಸ್ಟಿನ್ ಕೆಟ್ಟು ಮುದ್ದೆಮುದ್ದೆಯಾಗಿ ಕೂರುತ್ತದೆ, ಹಳದಿ ಛಾಯೆಯ ಒರಟು ಚರ್ಮ ಅದರ ಗುರುತು. ವಯಸ್ಸೊಂದರಿಂದಲೇ ಬರುವ ಸುಕ್ಕು ನವಿರು, ತೆಳು. ಬಿಸಿಲಿನ ಸುಕ್ಕು ಆಳ, ಒರಟು. ಯಾವತ್ತೂ ಬಿಸಿಲು ಕಾಣದ ತೋಳಿನ ಒಳಭಾಗವನ್ನೂ ಕೈಯ ಹೊರಭಾಗವನ್ನೂ ಒಟ್ಟಿಗೆ ಇಟ್ಟು ನೋಡಿ, ಗೊತ್ತಾಗುತ್ತದೆ. ಬೀಡಿ ಸಿಗರೇಟು ಸೇದುವವರಿಗೂ ಇದೇ ರೀತಿಯ ನಷ್ಟ.

ಚರ್ಮವೈದ್ಯೆ

ಮೇಷ್ಟ್ರು ಚೆನ್ನಾಗಿ ಬರೆದಿದ್ದಾರೆ. ನಾನು ಚರ್ಮರೋಗ ತಜ್ಞೆ, ಈ ಇಂಜೆಕ್ಷನ್‌ಗಳನ್ನು ಕೊಡುತ್ತೇನೆ. ಹಣೆಗೆರೆ ಅವರೇ, ನಿಮ್ಮನ್ನು ನೋಡದೆ ಚಿಕಿತ್ಸೆ ಹೇಳಲಾರೆ. ಆದರೆ ನಿಮ್ಮ ಎರಡು ಗೆರೆಗಳ ಹುಟ್ಟೇ ಬೇರೆ, ಅದನ್ನು ವಿವರಿಸಬಲ್ಲೆ.

ಕಿಟಕಿಯ ಪಕ್ಕ ಕನ್ನಡಿ ಹಿಡಿದು ನಿಲ್ಲಿ, ಬೆಳಕು ಮುಖದ ಒಂದು ಬದಿಯಿಂದ ಬೀಳಲಿ. ಮುಖ ಪೂರ್ತಿ ಸಡಿಲ ಬಿಡಿ. ಆಮೇಲೆ ಹುಬ್ಬು ಗಂಟಿಕ್ಕಿ. ಹುಬ್ಬಿನ ನಡುವಿನ ಗೆರೆ ಎಷ್ಟು ಆಳಕ್ಕೆ ಹೋಯಿತು, ಚರ್ಮ ಯಾವ ಕಡೆಯಿಂದ ಬಂದು ರಾಶಿಯಾಯಿತು ನೋಡಿ. ಮತ್ತೆ ಸಡಿಲ ಬಿಟ್ಟು, ಎರಡು ಬೆರಳಿನಿಂದ ಗೆರೆಯ ಎರಡೂ ಬದಿ ಮೆಲ್ಲಗೆ ಹಿಗ್ಗಿಸಿ. ಗೆರೆ ಪೂರ್ತಿ ಮಾಯವಾದರೆ ಅದಿನ್ನೂ ಬಹುಪಾಲು ಸ್ನಾಯುವಿನ ಕೆಲಸ. ಹಿಗ್ಗಿಸಿದರೂ ಗೀಚಿದ ಹಾಗೆ ಉಳಿದರೆ ಒಳಚರ್ಮವೇ ಅಲ್ಲಿ ಸವೆದಿದೆ.

ಕೈಕಾಲಿನ ಸ್ನಾಯು ಮೂಳೆಯನ್ನು ಎಳೆಯುತ್ತದೆ. ಮುಖದ ಸ್ನಾಯುಗಳು ಬಂದು ಅಂಟಿಕೊಳ್ಳುವುದು ಚರ್ಮಕ್ಕೇ. ಅದಕ್ಕೇ ನಾವು ನಗುತ್ತೇವೆ, ಮುನಿಯುತ್ತೇವೆ. ಸ್ನಾಯು ಎಳೆಯುವ ದಿಕ್ಕಿಗೆ ಅಡ್ಡವಾಗಿ ಚರ್ಮ ಮಡಿಯುತ್ತದೆ. ಹಣೆಯ ಸ್ನಾಯು ಮೇಲಕ್ಕೆ ಎಳೆಯುವುದರಿಂದ ಹಣೆಯಲ್ಲಿ ಅಡ್ಡಗೆರೆ, ಹುಬ್ಬುಗಳನ್ನು ಒಳಕ್ಕೆಳೆಯುವ ಸ್ನಾಯುವಿನಿಂದ ನಡುವೆ ಉದ್ದಗೆರೆ. ಎಳೆಯ ಚರ್ಮ ಮಡಿಸಿದರೂ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಕೊಲಾಜೆನ್ ಇಳಿದ ಚರ್ಮದಲ್ಲಿ ಮಡಿಕೆ ಕೂತುಬಿಡುತ್ತದೆ, ಇಸ್ತ್ರಿ ಮಾಡಿದ ಬಟ್ಟೆಯ ಮಡಿಕೆಯ ಹಾಗೆ.

ಬೊಟಾಕ್ಸ್ ಕೆಲಸ ಇಲ್ಲಿ. ಅದು ಗೆರೆಯನ್ನು ತುಂಬುವುದಿಲ್ಲ, ಚರ್ಮವನ್ನು ಎಳೆದು ಬಿಗಿ ಮಾಡುವುದಿಲ್ಲ. ಸ್ನಾಯುವನ್ನು ಸ್ವಲ್ಪ ಕಾಲ ಸುಮ್ಮನಿರಿಸುತ್ತದೆ ಅಷ್ಟೇ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರೆ ಸ್ನಾಯು ಸಂಕುಚಿಸುತ್ತದೆ. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ನರತುದಿಯೊಳಗೆ ಹೋಗಿ, ಆ ರಾಸಾಯನಿಕವನ್ನು ಹೊರಹಾಕಲು ಬೇಕಾದ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಮೆದುಳಿನ ಆಜ್ಞೆ ನರದ ತುದಿಯವರೆಗೂ ಬಂದು ಅಲ್ಲೇ ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಪರಿಣಾಮ ಶುರು, ಎರಡು ವಾರಕ್ಕೆ ಪೂರ್ತಿ, ಮೂರು ನಾಲ್ಕು ತಿಂಗಳು ಉಳಿಯುತ್ತದೆ. ನರ ಚೇತರಿಸಿಕೊಂಡ ಮೇಲೆ ಸ್ನಾಯು ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಮೂಗಿನಿಂದ ಬಾಯಿಗೆ ಇಳಿಯುವ ಗೆರೆಯ ಕಥೆ ಬೇರೆ. ಅಲ್ಲಿ ಕೆನ್ನೆಯ ಕೊಬ್ಬು ಸೊರಗಿ ಕೆಳಗಿಳಿದಿರುತ್ತದೆ. ಮುಖದ ಮೂಳೆಯೂ ವಯಸ್ಸಿನೊಂದಿಗೆ ಕರಗುತ್ತದೆ, ಕಣ್ಣಿನ ಗೂಡು ಅಗಲವಾಗುತ್ತದೆ, ಮೇಲ್ದವಡೆ ಹಿಂದೆ ಸರಿಯುತ್ತದೆ. ಆಧಾರ ಕುಗ್ಗಿತು, ಮೇಲಿನ ಚರ್ಮ ಹಾಗೇ ಉಳಿಯಿತು. ಅಲ್ಲಿಗೆ ಬೊಟಾಕ್ಸ್ ಹಾಕಿದರೆ ಗೆರೆ ಹೋಗುವ ಬದಲು ನಗುವೇ ಸೊಟ್ಟಗಾದೀತು. ಅದು ಫಿಲ್ಲರ್‌ನ ಜಾಗ, ಅಂದರೆ ಕುಗ್ಗಿದ ಕಡೆ ಚುಚ್ಚಿ ತುಂಬುವ ವಸ್ತುವಿನದ್ದು. ಎಷ್ಟೋ ಸಲ ಗೆರೆಯಲ್ಲೇ ತುಂಬುವುದಕ್ಕಿಂತ ಕೆನ್ನೆಗೆ ಆಧಾರ ಕೊಟ್ಟರೆ ಗೆರೆ ತಾನಾಗಿ ತಿಳಿಯಾಗುತ್ತದೆ.

ಹಾಗಾಗಿ "ನನಗೆ ಬೊಟಾಕ್ಸ್ ಬೇಕಾ" ಎಂದು ಕೇಳಬೇಡಿ, "ಈ ಗೆರೆ ಯಾವುದರಿಂದ ಬಂದಿದೆ" ಎಂದು ಕೇಳಿ. ಅದಕ್ಕೆ ಉತ್ತರ ಕೊಡದೆ ಸೂಜಿ ಕೈಗೆತ್ತಿಕೊಳ್ಳುವವರ ಹತ್ತಿರ ಹೋಗಬೇಡಿ.

ತೋಟದ ಅಜ್ಜಿ

ಡಾಕ್ಟ್ರಮ್ಮ, ಬೊಟುಲಿನಮ್ ಅಂದರೆ ಕೆಟ್ಟ ಆಹಾರದಲ್ಲಿ ಬೆಳೆಯುವ ವಿಷ ತಾನೆ? ಗೊತ್ತಿದ್ದೂ ಗೊತ್ತಿದ್ದೂ ಮುಖಕ್ಕೆ ವಿಷ ಹಾಕಿಸಿಕೊಳ್ಳುವುದು ಯಾಕೆ ಬೇಕು ಈ ಮಕ್ಕಳಿಗೆ? ನನಗೆ ಎಪ್ಪತ್ತು ದಾಟಿದೆ. ನನ್ನ ಮುಖದ ಸುಕ್ಕು ನನಗೆ ಭಾರ ಅನ್ನಿಸಿಲ್ಲ.

ಚರ್ಮವೈದ್ಯೆ

ಅಮ್ಮ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಸುಕ್ಕು ಕಾಯಿಲೆಯಲ್ಲ, ಯಾರೂ ಅದನ್ನು ತೆಗೆಸಿಕೊಳ್ಳಲೇಬೇಕು ಅಂತಿಲ್ಲ.

ವಿಷ ಹೌದು. ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ 1820ರ ಸುಮಾರಿಗೇ ಕೆಟ್ಟ ಸಾಸೇಜ್ ತಿಂದವರ ಸ್ನಾಯುಗಳು ಸೋತುಹೋಗುವುದನ್ನು ವಿವರವಾಗಿ ದಾಖಲಿಸಿದ್ದರು. ಈ ವಿಷವನ್ನೇ ಮದ್ದಾಗಿ ಬಳಸಬಹುದೇನೋ ಎಂದೂ ಅವರು ಯೋಚಿಸಿದ್ದರು. ಅದನ್ನು ತಯಾರಿಸುವ ಬ್ಯಾಕ್ಟೀರಿಯಾವನ್ನು ಬೆಲ್ಜಿಯಂನ ಎಮಿಲ್ ವಾನ್ ಎರ್ಮೆಂಗೆಮ್ 1890ರ ದಶಕದಲ್ಲಿ ಪತ್ತೆಹಚ್ಚಿದರು. ಅಮೆರಿಕದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಮೆಳ್ಳಗಣ್ಣಿನ ಚಿಕಿತ್ಸೆಗೆ ಬಳಸಿದರು, 1989ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕರುದರ್ಸ್ ರೆಪ್ಪೆಯ ಸೆಳೆತಕ್ಕೆ ಇದನ್ನು ಕೊಡುತ್ತಿದ್ದಾಗ ಹುಬ್ಬಿನ ಗೆರೆ ಮಾಯವಾಗುವುದನ್ನು ಗಮನಿಸಿದರು. ಚರ್ಮತಜ್ಞರಾಗಿದ್ದ ಪತಿ ಅಲಸ್ಟೇರ್ ಜೊತೆ 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ಎಫ್‌ಡಿಎ ಒಪ್ಪಿಗೆ ಬಂದದ್ದು 2002ರಲ್ಲಿ.

ಪ್ರಮಾಣ ನೋಡಿ. ಹುಬ್ಬಿನ ನಡುವೆ ಬೊಟಾಕ್ಸ್‌ನ ಸಾಮಾನ್ಯ ಪ್ರಮಾಣ 20 ಯೂನಿಟ್, ಐದು ಕಡೆ ಹಂಚಿ. ದೀರ್ಘಕಾಲದ ಮೈಗ್ರೇನ್ ಇರುವವರಿಗೆ ಇದೇ ಔಷಧಿಯನ್ನು ಒಂದೇ ಸಲಕ್ಕೆ 155 ಯೂನಿಟ್ ಕೊಡುತ್ತಾರೆ. ಬಾಟಲಿಯ ತಳದಲ್ಲಿ ಇರುವುದು ಕಣ್ಣಿಗೆ ಕಂಡೂ ಕಾಣದಷ್ಟು ಬಿಳಿ ಪುಡಿ. ಅದನ್ನು ಸಲೈನ್‌ನಲ್ಲಿ ಕರಗಿಸಿ, ತೀರಾ ಸಣ್ಣ ಸೂಜಿಯಲ್ಲಿ ಹನಿ ಹನಿಯಾಗಿ ಕೊಡುತ್ತೇವೆ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ, ಬೊಟಾಕ್ಸ್ ಲೆಕ್ಕವನ್ನು ಡಿಸ್ಪೋರ್ಟ್‌ಗೆ ಹಾಕುವ ಹಾಗಿಲ್ಲ. ನಕಲಿ ಮಾಲಿನಲ್ಲಿ ಈ ಲೆಕ್ಕವೇ ಇರುವುದಿಲ್ಲ. 2024ರಲ್ಲಿ ಅಮೆರಿಕದಲ್ಲಿ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದ್ದರು. ಮಯಸ್ತೀನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆ ಇರುವವರಿಗೆ ಇದು ಅಪಾಯ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ನಾನು ಕೊಡುವುದಿಲ್ಲ.

ಹಣೆಗೆರೆ

ಅಜ್ಜಿ, ನಿಮ್ಮ ಹಾಗೆ ನೆಮ್ಮದಿಯಾಗಿ ಇರಲು ನನಗೂ ಆಸೆ. ನನಗೆ ಚಿಕ್ಕವಳಾಗಿ ಕಾಣಬೇಕು ಅಂತಲ್ಲ. ಇಲ್ಲದ ಸಿಟ್ಟು ನನ್ನ ಮುಖದ ಮೇಲೆ ಇರುವುದು ಬೇಡ ಅನ್ನಿಸುತ್ತಿದೆ ಅಷ್ಟೇ.

ತೋಟದ ಅಜ್ಜಿ

ಹಾಗಾದರೆ ಸರಿ ಮಗಳೇ. ತಿಳಿದವರ ಹತ್ತಿರವೇ ಹೋಗು.

ಅರೆಗಣ್ಣು

ನನ್ನ ಅನುಭವ ಹೇಳುತ್ತೇನೆ, ಹೆದರಿಸಲಿಕ್ಕಲ್ಲ. ಒಂದು ಕಡೆ ಹಣೆಗೆ, ಹುಬ್ಬಿಗೆ ಹಾಕಿಸಿಕೊಂಡೆ. ಸ್ವಲ್ಪ ದಿನಕ್ಕೆ ಬಲಗಣ್ಣಿನ ರೆಪ್ಪೆ ಅರ್ಧ ಮುಚ್ಚಿಕೊಂಡಿತು. ಹಾಕಿದವರಿಗೆ ಫೋನ್ ಮಾಡಿದರೆ "ತಾನಾಗೇ ಹೋಗುತ್ತೆ" ಅಂತ ಇಟ್ಟುಬಿಟ್ಟರು. ವಾರಗಟ್ಟಲೆ ಹಾಗೇ ಇತ್ತು, ಆಮೇಲೆ ಸರಿಹೋಯಿತು. ಯಾಕೆ ಹೀಗಾಯಿತು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಚರ್ಮವೈದ್ಯೆ

ಔಷಧಿ ಸ್ವಲ್ಪ ಕೆಳಗೆ ಹರಿದು, ರೆಪ್ಪೆ ಎತ್ತುವ ಸ್ನಾಯುವನ್ನು ಮುಟ್ಟಿದಾಗ ಹೀಗಾಗುತ್ತದೆ. ಹೋಗುತ್ತದೆ ಅನ್ನುವುದು ನಿಜ, ಆದರೆ ಕರೆದು ನೋಡಬೇಕಿತ್ತು. ಅಪ್ರಕ್ಲೊನಿಡಿನ್ ಎಂಬ ಕಣ್ಣಿನ ಹನಿ ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತಿ ಆ ವಾರಗಳನ್ನು ಸಹ್ಯ ಮಾಡುತ್ತಿತ್ತು.

ಹಣೆಯ ಬಗ್ಗೆ ಎಲ್ಲರಿಗೂ ಒಂದು ಮಾತು. ಹುಬ್ಬನ್ನು ಮೇಲೆತ್ತುವ ಸ್ನಾಯು ಇರುವುದು ಹಣೆಯದೊಂದೇ, ಕೆಳಕ್ಕೆ ಎಳೆಯುವವು ಹಲವು. ಹಣೆಯದನ್ನು ಪೂರ್ತಿ ಸುಮ್ಮನಿರಿಸಿದರೆ ಹುಬ್ಬು ಕುಸಿದು ಕಣ್ಣು ಭಾರವಾಗುತ್ತದೆ. ವಯಸ್ಸಾದಂತೆ ರೆಪ್ಪೆ ಜೋತುಬಿದ್ದ ಕೆಲವರು ತಮಗೇ ಅರಿವಿಲ್ಲದೆ ಇಡೀ ದಿನ ಹಣೆಯಿಂದ ಹುಬ್ಬು ಎತ್ತಿ ಹಿಡಿದಿರುತ್ತಾರೆ. ಅಂಥವರ ಹಣೆಯ ಗೆರೆ ಅಳಿಸಹೋದರೆ ನೋಟಕ್ಕೇ ಅಡ್ಡಿಯಾಗುತ್ತದೆ. ಅವರಿಗೆ ನಾನು ಬೇಡ ಎಂದೇ ಹೇಳುವುದು.

ಪ್ರಶ್ನೆಗಳ ಚೀಲ

ಫಿಲ್ಲರ್ ಬಗ್ಗೆಯೂ ಬಿಡಿಸಿ ಹೇಳಿ ಮೇಡಂ. ತುಂಬಿದ್ದು ಎಲ್ಲಿಗೆ ಹೋಗುತ್ತೆ? ಫಿಲ್ಲರ್ ಹಾಕಿಸಿ ಕಣ್ಣು ಹೋಯಿತು ಅಂತ ಓದಿದೆ, ನಿಜವಾ?

ಚರ್ಮವೈದ್ಯೆ

ನಿಜ, ಅಪರೂಪ, ಆದರೆ ನಿಜ. ಅದಕ್ಕೆ ಬರುತ್ತೇನೆ.

ಮೊದಲು ಬಂದದ್ದು ಹಸುವಿನ ಕೊಲಾಜೆನ್, ಎಫ್‌ಡಿಎ ಅನುಮತಿ 1981ರಲ್ಲಿ. ಅಲರ್ಜಿಯ ಭಯದಿಂದ ಮೊದಲು ಕೈಗೆ ಚುಚ್ಚಿ ಪರೀಕ್ಷೆ ಮಾಡಿ ಕಾಯಬೇಕಿತ್ತು. ಈಗ ಹೆಚ್ಚಾಗಿ ಬಳಸುವುದು ಹೈಯಲುರಾನಿಕ್ ಆಮ್ಲದ ಜೆಲ್, ಅದಕ್ಕೆ ಎಫ್‌ಡಿಎ ಅನುಮತಿ 2003ರಲ್ಲಿ. ನಮ್ಮ ಚರ್ಮದಲ್ಲಿರುವ ಈ ಆಮ್ಲ ಒಂದೆರಡು ದಿನದಲ್ಲೇ ಕರಗಿ ಹೊಸದಾಗುತ್ತಿರುತ್ತದೆ. ಜೆಲ್‌ನಲ್ಲಿ ಅದರ ಎಳೆಗಳನ್ನು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದಿರುತ್ತಾರೆ, ಹಾಗಾಗಿ ಆರು ತಿಂಗಳಿಂದ ಒಂದೂವರೆ ವರ್ಷ ಉಳಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ದೇಹದ ಕಿಣ್ವಗಳು ನಿಧಾನಕ್ಕೆ ಅದನ್ನು ಕರಗಿಸುತ್ತವೆ.

ಮೇಷ್ಟ್ರು ಹೇಳಿದ ಮುದುಡಿದ ಫೈಬ್ರೊಬ್ಲಾಸ್ಟ್ ನೆನಪಿಸಿಕೊಳ್ಳಿ. 2007ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಬಿಸಿಲಿಗೆ ಹಾಳಾದ ಮುಂಗೈ ಚರ್ಮಕ್ಕೆ ಈ ಜೆಲ್ ಚುಚ್ಚಿ ನೋಡಿದರು. ಸುತ್ತಲಿನ ಕೋಶಗಳು ಹಿಗ್ಗಿದ್ದವು, ಹೊಸ ಕೊಲಾಜೆನ್ ಹುಟ್ಟಿತ್ತು. ಜೆಲ್ ಜಾಗ ತುಂಬುವುದರ ಜೊತೆಗೆ ಕೋಶಕ್ಕೆ ಕಳೆದುಹೋದ ಬಿಗಿಯನ್ನೂ ಮರಳಿಸುತ್ತದೆ. ಬೇರೆ ಫಿಲ್ಲರ್‌ಗಳೂ ಇವೆ. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಪಾಲಿ ಲ್ಯಾಕ್ಟಿಕ್ ಆಮ್ಲ ಕೊಲಾಜೆನ್ ಬೆಳೆಸಲು ಪ್ರಚೋದಿಸುತ್ತವೆ. ಪಿಎಂಎಂಎ ಎಂಬ ಪ್ಲಾಸ್ಟಿಕ್‌ನ ಫಿಲ್ಲರ್ ಶಾಶ್ವತ. ಮುಖವೇ ಬದಲಾಗುತ್ತಾ ಹೋಗುವಾಗ ಬದಲಾಗದ ವಸ್ತುವನ್ನು ಒಳಗಿಡುವುದು ನನಗೆ ಸರಿಕಾಣುವುದಿಲ್ಲ.

ಈಗ ಅಪಾಯ. ಜೆಲ್ ರಕ್ತನಾಳದೊಳಗೆ ಹೋದರೆ ಅಥವಾ ಹೊರಗಿನಿಂದ ಒತ್ತಿದರೆ ಮುಂದಿನ ಚರ್ಮಕ್ಕೆ ರಕ್ತ ನಿಲ್ಲುತ್ತದೆ, ಚರ್ಮ ಸಾಯುತ್ತದೆ. ಹುಬ್ಬಿನ ನಡುವಿನ ಮತ್ತು ಮೂಗಿನ ಸುತ್ತಲಿನ ರಕ್ತನಾಳಗಳು ಕಣ್ಣಿನ ರಕ್ತನಾಳಕ್ಕೆ ಕೂಡಿಕೊಂಡಿವೆ. ಒತ್ತಡದಲ್ಲಿ ಜೆಲ್ ಹಿಂದಕ್ಕೆ ಹರಿದು ಅಲ್ಲಿಗೆ ಸೇರಿದರೆ ದೃಷ್ಟಿ ಹೋಗಬಹುದು. ಹಣೆಗೆರೆ ಅವರೇ, ನಿಮ್ಮ ಹುಬ್ಬಿನ ನಡುವಿಗೆ ಯಾರಾದರೂ ಫಿಲ್ಲರ್ ಅಂದರೆ ಎರಡು ಸಲ ಯೋಚಿಸಿ, ತೀರಾ ಅಪಾಯದ ಜಾಗಗಳಲ್ಲಿ ಅದೂ ಒಂದು.

ಚುಚ್ಚುವಾಗಲೇ ಚರ್ಮ ಬೆಳ್ಳಗೆ ಬಿಳಿಚಿಕೊಂಡರೆ, ತಡೆಯಲಾಗದ ನೋವಾದರೆ, ನೇರಳೆ ಬಣ್ಣದ ಬಲೆಯಂಥ ಕಲೆ ಮೂಡಿದರೆ, ನೋಟ ಮಂಜಾದರೆ, ನಾಳೆ ನೋಡೋಣ ಅನ್ನಬಾರದು, ಅದು ತುರ್ತುಸ್ಥಿತಿ. ಹೈಯಲುರಾನಿಕ್ ಆಮ್ಲದ ಜೆಲ್ ಆದರೆ ಹೈಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಬೇರೆ ಫಿಲ್ಲರ್‌ಗಳಿಗೆ ಹಾಗೆ ಕರಗಿಸುವ ಮದ್ದಿಲ್ಲ. ನಾನು ಇದನ್ನೇ ಹೆಚ್ಚು ಬಳಸುವುದಕ್ಕೆ ಅದೇ ಕಾರಣ. ಆ ಕಿಣ್ವದ ಬಾಟಲಿ ಅದೇ ಕೋಣೆಯಲ್ಲಿ ಇದೆಯಾ ಎಂದು ಕೇಳಿ. ಕೇಳಿದ್ದಕ್ಕೆ ಬೇಸರಪಟ್ಟುಕೊಂಡರೆ ಎದ್ದು ಬನ್ನಿ.

ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ತೂರಿಸುವ 'ಹೈಯಲುರಾನ್ ಪೆನ್' ಬೇಡವೇ ಬೇಡ. 2021ರಲ್ಲೇ ಎಫ್‌ಡಿಎ ಎಚ್ಚರಿಸಿದೆ.

ಪ್ರಶ್ನೆಗಳ ಚೀಲ

ಅಯ್ಯೋ, ಇಷ್ಟೆಲ್ಲಾ ಇದೆಯಾ! ನನಗೆ 24. ಸುಕ್ಕು ಬೀಳುವ ಮೊದಲೇ ಬೊಟಾಕ್ಸ್ ಶುರುಮಾಡಿದರೆ ಒಳ್ಳೆಯದು ಅಂತ ಗೆಳತಿಯರು ಹೇಳುತ್ತಾರೆ. ಇಲ್ಲಾಂದ್ರೆ ಕೊಲಾಜೆನ್ ಕ್ರೀಮ್ ಹಚ್ಚಲಾ?

ಚರ್ಮವೈದ್ಯೆ

ತಂಗಿ, ಮುಖ ಸಡಿಲ ಬಿಟ್ಟಾಗ ಗೆರೆಯೇ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 55ಕ್ಕಿಂತ ಚಿಕ್ಕ ವಯಸ್ಸಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಇಷ್ಟ ಬಂದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು ಶೇ. 24 ಕಡಿಮೆ ಇತ್ತು. ನಿನ್ನ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಮದ್ದು ನನ್ನ ಹತ್ತಿರ ಇಲ್ಲ. ಎಸ್‌ಪಿಎಫ್ 30 ಅಥವಾ ಹೆಚ್ಚು, ಯುವಿ-ಎ ತಡೆಯುವಂಥದ್ದು, ದಿನಾ. ಸ್ಟೇರಿಂಗ್ ಹಿಂದೆ ಅವರಿಗೂ ಇದೇ ಮಾತು.

ಜೀವಶಾಸ್ತ್ರದ ಮೇಷ್ಟ್ರು

ಕ್ರೀಮ್ ವಿಷಯಕ್ಕೆ ನಾನು ಸೇರಿಸುತ್ತೇನೆ. ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣು ಹೊರಚರ್ಮ ದಾಟುವುದು ಕಷ್ಟ. ಕೊಲಾಜೆನ್ ಅಣು ಸುಮಾರು 3 ಲಕ್ಷ ಡಾಲ್ಟನ್. ಮೇಲೆ ಕೂತು ಚರ್ಮವನ್ನು ಒಂದಷ್ಟು ಹೊತ್ತು ಮೆತ್ತಗಿಡುತ್ತದೆ ಅಷ್ಟೇ.

ಚರ್ಮವೈದ್ಯೆ

ಹೌದು. ಹಚ್ಚುವುದರಲ್ಲಿ ನಿಜಕ್ಕೂ ಕೆಲಸ ಮಾಡುವುದಕ್ಕೆ ಒಳ್ಳೆಯ ಪುರಾವೆ ಇರುವುದು ವಿಟಮಿನ್ ಎ ವರ್ಗದ ಟ್ರೆಟಿನೋಯಿನ್‌ಗೆ. ತಿಂಗಳುಗಟ್ಟಲೆ ಹಚ್ಚಬೇಕು, ಮೊದಮೊದಲು ಚರ್ಮ ಉರಿದು ಸುಲಿಯುತ್ತದೆ. ಬಸುರಿಯರು ಮುಟ್ಟಬಾರದು. ವೈದ್ಯರು ಬರೆದುಕೊಟ್ಟರೆ ಮಾತ್ರ.

ಹಣೆಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಟಕಿ ಪಕ್ಕ ಕನ್ನಡಿ ಹಿಡಿದು ನೋಡಿದೆ. ಹುಬ್ಬಿನ ನಡುವಿನ ಒಂದು ಗೆರೆ ಹಿಗ್ಗಿಸಿದರೆ ಹೋಗುತ್ತದೆ, ಎಡಗಡೆಯದು ಸಣ್ಣಗೆ ಉಳಿಯುತ್ತದೆ. ಹುಬ್ಬಿಗೆ ಬೊಟಾಕ್ಸ್ ಮಾತ್ರ ಕೇಳೋಣ, ಕೆನ್ನೆಯದನ್ನು ಸದ್ಯಕ್ಕೆ ಬಿಡೋಣ ಅನ್ನಿಸಿದೆ. ಕೊನೆಯದಾಗಿ ಒಂದು ಸಂಶಯ ಮೇಡಂ. ಒಮ್ಮೆ ಶುರುಮಾಡಿ ಆಮೇಲೆ ನಿಲ್ಲಿಸಿದರೆ ಸುಕ್ಕು ಮೊದಲಿಗಿಂತ ಜಾಸ್ತಿಯಾಗುತ್ತದಂತೆ?

ಚರ್ಮವೈದ್ಯೆ

ಇಲ್ಲ. ಸ್ನಾಯು ಮತ್ತೆ ಎಳೆಯಲು ಶುರುಮಾಡುತ್ತದೆ, ಗೆರೆ ತನ್ನ ಹಳೆಯ ದಾರಿಗೆ ಬರುತ್ತದೆ, ಅಷ್ಟೇ. ತಿಂಗಳುಗಟ್ಟಲೆ ಗೆರೆಯಿಲ್ಲದ ಮುಖ ನೋಡಿ ಅಭ್ಯಾಸವಾದವರಿಗೆ ಅದು ಜಾಸ್ತಿಯಾದಂತೆ ಕಾಣುತ್ತದೆ. ಅದಕ್ಕೇ ಮೊದಲ ದಿನ ಎರಡು ಫೋಟೋ ತೆಗೆಸಿಕೊಳ್ಳಿ, ಮುಖ ಸಡಿಲ ಬಿಟ್ಟು ಒಂದು, ಹುಬ್ಬು ಗಂಟಿಕ್ಕಿ ಒಂದು. ಎಡಗಡೆಯ ಗೆರೆ ಮೊದಲ ಸಲಕ್ಕೇ ಪೂರ್ತಿ ಅಳಿಸಿಹೋಗಲಿಕ್ಕಿಲ್ಲ, ತಿಳಿಯಾಗಬಹುದು. ಎರಡು ವಾರ ಆಗುವವರೆಗೆ ಇನ್ನಷ್ಟು ಹಾಕಿ ಎಂದು ಕೇಳಬೇಡಿ. ಯಾವ ಬ್ರ್ಯಾಂಡ್, ಎಷ್ಟು ಯೂನಿಟ್, ಎಲ್ಲೆಲ್ಲಿ ಎಂಬುದನ್ನು ಬರೆಸಿಕೊಂಡು ಇಟ್ಟುಕೊಳ್ಳಿ. ಮುಂದಿನ ಸಲ ಬೇರೆ ವೈದ್ಯರ ಹತ್ತಿರ ಹೋದರೂ ಆ ಚೀಟಿ ಬೇಕಾಗುತ್ತದೆ.